ಕ್ರೋಮಿನ ಹೊಳಪು ಯಾರದು?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅಲ್ಲಿ ತಯಾರಾದ ಹಳೆಯ ಜಾವಾ ಬೈಕುಗಳ ಟ್ಯಾಂಕಿನ ಪಕ್ಕೆಯ ಕ್ರೋಮ್ ಇಂದಿಗೂ ಕಣ್ಣು ಸೆಳೆಯುತ್ತದೆ. ದಾಂಡೇಲಿ, ಜೋಯಿಡಾದ ಮಳೆಗಾಲಕ್ಕೆ ಸಿಕ್ಕರೆ ರಬ್ಬರ್ ಪ್ಯಾಡಿನ ಅಂಚಿನಲ್ಲಿ ನೀರು ನಿಂತು ಅದೇ ಪಕ್ಕೆಯಲ್ಲಿ ತುಕ್ಕು ಚುಕ್ಕಿಚುಕ್ಕಿಯಾಗಿ ಏಳುತ್ತದೆ. ಮತ್ತೆ ಕ್ರೋಮ್ ಹಾಕಿಸಿದಾಗ ಹೊಗಳಿಕೆಯೆಲ್ಲ ಲೇಪ ಏರಿಸುವ ಕೊನೆಯ ತೊಟ್ಟಿಗೆ ಹೋಗುತ್ತದೆ. ಸಲ್ಲಬೇಕಾದದ್ದು ಪಾಲಿಶ್ ಮಾಡಿದವನಿಗೆ. ಅಲಂಕಾರದ ಕ್ರೋಮ್ ಪದರ ಸಾಮಾನ್ಯವಾಗಿ 1 ಮೈಕ್ರಾನ್‌ಗಿಂತಲೂ ತೆಳು, ತುಕ್ಕು ತಡೆಯುವುದು ಮುಖ್ಯವಾಗಿ ಕೆಳಗಿನ ನಿಕಲ್. ಗೀರನ್ನು ಕ್ರೋಮ್ ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ಹಳೆಯ ಲೇಪ ತೆಗೆದು, ತಗ್ಗು ಎತ್ತಿ, ತೂತು ಬೆಸೆದು, ತಾಮ್ರ ಏರಿಸಿ, ಬಫ್ ಚಕ್ರಕ್ಕೆ ಹಿಡಿದ ಕೈಯದೇ ಆ ಹೊಳಪು. ಹೆಚ್ಚು ಉಜ್ಜಿದರೆ ತಗಡು ಸವೆದು ಅಂಚುಗಳು ಮಾಸುತ್ತವೆ. ಎಲ್ಲಿ ನಿಲ್ಲಿಸಬೇಕೆಂಬುದರಲ್ಲೇ ಕಸುಬು ಇರುವುದು.

ಬಣ್ಣ ಬಳಿದರೆ ಸಾಲದೇ? ಅಗ್ಗವೇನೋ ಹೌದು, ಆದರೆ ಬಣ್ಣವೂ ಕ್ರೋಮೂ ಕೂಡುವ ಗೆರೆಯೇ ಆ ಟ್ಯಾಂಕಿನ ಚಹರೆ. ತೂಕದ ಆಕ್ಷೇಪ ಬೇರೆ ಇದೆ: ತೊಟ್ಟಿಯ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು. ತ್ಯಾಜ್ಯನೀರನ್ನು ಶುದ್ಧೀಕರಿಸುವ ಘಟಕಕ್ಕೇ ಟ್ಯಾಂಕ್ ಕೊಡಬೇಕು, ದರ ಹೆಚ್ಚಾದರೂ ಸರಿ. ತ್ಯಾಜ್ಯನೀರು ನದಿಗೆ ಏನು ಮಾಡುತ್ತದೆಂದು ದಾಂಡೇಲಿಯ ಕಾಳಿ ನದಿಯ ದಂಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮೂಲ ಕ್ರೋಮ್ ಗಟ್ಟಿಯಾಗಿ ಉಳಿದಿದ್ದರಂತೂ ತೊಟ್ಟಿಯ ಗೊಡವೆಯೇ ಬೇಡ, ಒರೆಸಿ ಇಟ್ಟುಕೊಂಡರಾಯಿತು.