ಕಾರವಾರದ ಕಡಲ ಕೆಸರು ಮತ್ತು ಘಟ್ಟದ ಕಾಡಿನ ಚರಿತ್ರೆ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಬನವಾಸಿಯ ಕದಂಬರಿಂದ, ಎಂದರೆ ಕ್ರಿ. ಶ. 4ನೆಯ ಶತಮಾನದಿಂದ, ಆರಂಭಿಸುತ್ತಾರೆ. ತತ್ಪೂರ್ವದ ಕಾಡಿಗೆ ಶಾಸನವಿಲ್ಲ. ಆದರೆ ದಾಖಲೆಯೇ ಇಲ್ಲವೆನ್ನಲಾಗದು. ಘಟ್ಟದ ನದಿಗಳು ಮಳೆಗಾಲದಲ್ಲಿ ಎಲೆಯ ಚೂರನ್ನೂ ಪರಾಗವನ್ನೂ ಕಡಲಿಗೆ ಒಯ್ಯುತ್ತವೆ. ಕೆಸರಿನಡಿಯಲ್ಲಿ ಆಮ್ಲಜನಕದ ಸಂಪರ್ಕ ತಪ್ಪಿದಾಗ ಈ ಸಾವಯವ ದ್ರವ್ಯದ ಒಂದಂಶ ಕೊಳೆಯದೆ ಸಾವಿರಾರು ವರ್ಷ ಉಳಿಯುತ್ತದೆ.

ಕಾರವಾರದ ಸಮೀಪದ ಕಡಲತಳದಿಂದ ತೆಗೆದ ಕೆಸರನ್ನು ಕುರಿತು ಕಾರಾತಿನಿ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಪ್ರಬಂಧವು ಈ ದೃಷ್ಟಿಯಿಂದ ಗಮನಾರ್ಹವಾದುದು. ಸುಮಾರು 3500 ವರ್ಷಗಳಿಂದೀಚೆಗೆ ಇಲ್ಲಿನ ಹವೆಯ ಆರ್ದ್ರತೆ ತಗ್ಗಿತೆಂಬುದು ಅವರ ನಿರ್ಣಯ. ಚರಿತ್ರಕಾರರಿಗೆ ಇದು ಉದಾಸೀನದ ಮಾತಲ್ಲ. 19ನೆಯ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿಗಳು ಕಾಡಿನ ನಾಶಕ್ಕೆ ಕುಮರಿ ಬೇಸಾಯವೇ ಕಾರಣವೆಂದು ದೂರಿ ಅದನ್ನು ನಿರ್ಬಂಧಿಸಿದರು. ಮಳೆಯೇ ಅಷ್ಟು ಹಿಂದೆ ಕಡಿಮೆಯಾಗಿದ್ದರೆ ಕಾಡು ತೆಳುವಾದ ದೋಷವೆಲ್ಲ ಕುಮರಿಯವನ ಕತ್ತಿಯದೇ ಆಗಲಾರದು.

ಹೀಗಿದ್ದರೂ ಈ ಸಾಕ್ಷ್ಯವನ್ನು ಬಳಸುವಲ್ಲಿ ಮೂರು ಎಚ್ಚರಿಕೆಗಳು ಅವಶ್ಯವೆಂದು ನಾವು ಭಾವಿಸುತ್ತೇವೆ. ಮೊದಲನೆಯದು ಸ್ಥಳದ್ದು. ಕಾರವಾರದಲ್ಲಿ ಕಡಲು ಸೇರುವುದು ಯಲ್ಲಾಪುರದ ಕಾಡನ್ನೂ ಹಾದುಬರುವ ಕಾಳಿ. ಶಿರಸಿ, ಸಿದ್ದಾಪುರಗಳ ನೀರನ್ನು ಒಯ್ಯುವ ಅಘನಾಶಿನಿ ತದಡಿಯ ಬಳಿ, ಶರಾವತಿ ಹೊನ್ನಾವರದ ಬಳಿ ಕಡಲು ಸೇರುತ್ತವೆ. ಆದುದರಿಂದ ಕಾರವಾರದ ಕೆಸರು ಮೂರು ತಾಲ್ಲೂಕುಗಳಿಗೂ ಸಮನಾದ ಸಾಕ್ಷಿಯಲ್ಲ.

ಎರಡನೆಯದು ಅಳತೆಯದು. ಇಂತಹ ಸಂಶೋಧನೆಗಳಲ್ಲಿ ಇಂಗಾಲ-13ರ ಪ್ರಮಾಣವನ್ನು ಆಧರಿಸುವುದುಂಟು. ಸಾವಿರಕ್ಕೆ ಎಷ್ಟೆಂಬ ಲೆಕ್ಕದಲ್ಲಿ ಮರಗಳದು ಸುಮಾರು -27, ಉಷ್ಣವಲಯದ ಅನೇಕ ಹುಲ್ಲುಗಳದು ಸುಮಾರು -13. ಕಡಲ ಸೂಕ್ಷ್ಮಸಸ್ಯಗಳದು ನಡುವಿನ -20ರ ಆಸುಪಾಸು. ಬೆಲೆ -27ರಿಂದ ಮೇಲೇರಿದರೆ ಹುಲ್ಲು ಹೆಚ್ಚಿತೆಂದೂ ಆಗಬಹುದು, ನದಿ ತಂದ ದ್ರವ್ಯ ಕಡಿಮೆಯಾಗಿ ಕಡಲಿನದೇ ಹೆಚ್ಚಿತೆಂದೂ ಆಗಬಹುದು. ಪರಾಗದ ಸಮರ್ಥನೆಯಿಲ್ಲದೆ ಅಂಕಿಯೊಂದನ್ನೇ ನಂಬಲಾಗದು.

ಮೂರನೆಯದು ಕಾರಣದ್ದು. ಮಳೆ ತಗ್ಗಿದರೂ, ಕಾಡನ್ನು ಕಡಿದು ಸುಟ್ಟರೂ ಹುಲ್ಲು ಹೆಚ್ಚುತ್ತದೆ. ಹುಲ್ಲಿನ ಪರಾಗವು ಹುಲ್ಲು ಬೆಳೆದುದನ್ನು ಹೇಳುತ್ತದೆಯೇ ಹೊರತು ಬೆಳೆದ ಕಾರಣವನ್ನು ಹೇಳುವುದಿಲ್ಲ. ಅಲ್ಲದೆ, 3500 ವರ್ಷಗಳ ಹಿಂದಿನ ಬದಲಾವಣೆಯಿಂದ 19ನೆಯ ಶತಮಾನದ ವಿವಾದವನ್ನು ನೇರವಾಗಿ ತೀರ್ಮಾನಿಸುವುದೂ ಯುಕ್ತವಲ್ಲ.

ಒಟ್ಟಿನಲ್ಲಿ, ಕಾಡು ಅನಾದಿಯಿಂದ ಒಂದೇ ತೆರನಾಗಿದ್ದು ಮನುಷ್ಯನಿಂದಲೇ ಕೆಟ್ಟಿತೆಂಬ ಹಳೆಯ ಊಹೆಯನ್ನು ಈ ಪ್ರಬಂಧವು ಸಡಿಲಿಸುತ್ತದೆ. ಅದು ಸಣ್ಣ ಉಪಕಾರವಲ್ಲ. ಆದರೆ ಅದು ಕುಮರಿಯವನನ್ನು ದೋಷಿಯೆನ್ನುವುದೂ ಇಲ್ಲ, ನಿರ್ದೋಷಿಯೆನ್ನುವುದೂ ಇಲ್ಲ. ಅಘನಾಶಿನಿ, ಶರಾವತಿಗಳ ಅಳಿವೆಯ ಕೆಸರನ್ನು ಇದರೊಡನೆ ಹೋಲಿಸಿ, ಅರಣ್ಯ ಇಲಾಖೆಯ ಕಡತಗಳನ್ನು ಪಕ್ಕದಲ್ಲಿಟ್ಟು ಓದಿದ ಮೇಲೆಯೇ ಆ ತೀರ್ಪಿನ ಮಾತು.