ನಕ್ಷತ್ರ ಒಂದೇ, ಅರ್ಥ ಎರಡು: ಹೊರಗಿಡುವ ಪಟ್ಟಿಗಳ ಭಾಷಾಂತರ ಕುರಿತು

ಗಣಕದ ಒಂದು ಫೋಲ್ಡರಿನಲ್ಲಿ ನೂರಾರು ಕಡತಗಳಿರುತ್ತವೆ. ಅವನ್ನು ಬೇರೆ ಗಣಕಕ್ಕೆ ನಕಲು ಮಾಡುವಾಗ ಅಥವಾ ಗಿಟ್ ತಂತ್ರಾಂಶದ ಸಂಗ್ರಹಕ್ಕೆ ಸೇರಿಸುವಾಗ ಎಲ್ಲವೂ ಬೇಕಾಗುವುದಿಲ್ಲ. ತಾತ್ಕಾಲಿಕ ಕಡತಗಳು, ಪ್ರೋಗ್ರಾಮ್ ಓಡಿದಾಗ ತಾನಾಗಿ ಹುಟ್ಟುವ ಲಾಗ್‌ಗಳು, ಪಾಸ್‌ವರ್ಡ್ ಇರುವ ಕಡತಗಳು, ಇವೆಲ್ಲ ಹೊರಗುಳಿಯಬೇಕು. ಒಂದೊಂದನ್ನೂ ಹೆಸರಿಸುವ ಬದಲು *.ಲಾಗ್ ಎಂಬಂಥ ಮಾದರಿಗಳನ್ನು ಒಂದು ಪಟ್ಟಿಯಲ್ಲಿ ಬರೆದಿಡುವುದು ರೂಢಿ. ಗಿಟ್, ಡಾಕರ್, ಆರ್‌ಸಿಂಕ್ ಮೊದಲಾದ ತಂತ್ರಾಂಶಗಳಿಗೆ ಇಂಥ ಹೊರಗಿಡುವ ಪಟ್ಟಿಗಳಿವೆ. (ಇಲ್ಲಿನ ಉದಾಹರಣೆಗಳಲ್ಲಿ ಕಡತಗಳ ಹೆಸರನ್ನು ಕನ್ನಡದಲ್ಲೇ ಬರೆದಿದೆ. ಯೂನಿಕೋಡ್ ಬಳಸುವ ಇಂದಿನ ಗಣಕಗಳಲ್ಲಿ ಇದಕ್ಕೆ ಅಡ್ಡಿಯಿಲ್ಲ.)

ಇಂಥ ಪಟ್ಟಿಯನ್ನು ಸ್ವಂತ ಪ್ರೋಗ್ರಾಮಿನಲ್ಲಿ ಬಳಸಬೇಕೆನ್ನುವವರು ಸಾಮಾನ್ಯವಾಗಿ ಹಿಡಿಯುವ ದಾರಿ ಒಂದಿದೆ. ಪ್ರತಿಯೊಂದು ಮಾದರಿಯನ್ನೂ ರೆಗ್ಯುಲರ್ ಎಕ್ಸ್‌ಪ್ರೆಷನ್ ಆಗಿ, ಅಂದರೆ ಚಿಕ್ಕದಾಗಿ ರೆಜೆಕ್ಸ್ ಆಗಿ ಬದಲಿಸಿ, ಕಡತದ ಪಥದೊಂದಿಗೆ ಹೋಲಿಸುವುದು. ಅದಕ್ಕೊಂದು ಸಿದ್ಧ ಕೋಷ್ಟಕವೂ ಇದೆ. ಚುಕ್ಕೆಯ ಬದಲು \. ಬರೆಯಿರಿ, ನಕ್ಷತ್ರದ ಬದಲು.* ಬರೆಯಿರಿ, ಪ್ರಶ್ನಾರ್ಥಕ ಚಿಹ್ನೆಯ ಬದಲು ಒಂದು ಚುಕ್ಕೆ ಇಡಿ, ಮೊದಲಿಗೆ ^, ಕೊನೆಗೆ $ ಸೇರಿಸಿ. ಕೆಲಸ ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ. ಆದರೆ ಈ ಕೋಷ್ಟಕ ಚಿಹ್ನೆಗೆ ಬದಲು ಚಿಹ್ನೆಯನ್ನು ಇಡುತ್ತದೆಯೇ ಹೊರತು ಅರ್ಥವನ್ನು ಸಾಗಿಸುವುದಿಲ್ಲ. ಎಲ್ಲೆಲ್ಲಿ ಅರ್ಥ ಸೋರಿಹೋಗುತ್ತದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಎರಡು ಮೂಲಗಳು

ರೆಜೆಕ್ಸ್‌ನ ನಕ್ಷತ್ರ ಬಂದದ್ದು ಗಣಿತದಿಂದ. ಅಮೆರಿಕದ ತರ್ಕಶಾಸ್ತ್ರಜ್ಞ ಸ್ಟೀಫನ್ ಕ್ಲೀನಿ 1951ರಲ್ಲಿ ನರಜಾಲಗಳನ್ನು ಕುರಿತು ಒಂದು ವರದಿ ಬರೆದರು. ಅದು 1956ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಯಿತು. ಅವರ ನಕ್ಷತ್ರದ ಅರ್ಥ, 'ಹಿಂದಿರುವುದು ಸೊನ್ನೆ ಅಥವಾ ಎಷ್ಟು ಸಲ ಬೇಕಾದರೂ ಪುನರಾವರ್ತಿಸಲಿ' ಎಂದು. ಅದನ್ನು ಗಣಕದ ಹುಡುಕಾಟಕ್ಕೆ ಅಳವಡಿಸುವ ವಿಧಾನವನ್ನು ಕೆನ್ ಥಾಂಪ್ಸನ್ 1968ರಲ್ಲಿ ಪ್ರಕಟಿಸಿದರು. ಇನ್ನೊಂದು ನಕ್ಷತ್ರ 1971ರ ಮೊದಲ ಆವೃತ್ತಿಯ ಯೂನಿಕ್ಸ್‌ನಲ್ಲಿದ್ದ 'ಗ್ಲಾಬ್' ಎಂಬ ಪುಟ್ಟ ಪ್ರೋಗ್ರಾಮಿನದು. ಅಲ್ಲಿ ನಕ್ಷತ್ರಕ್ಕೆ ಹಿಂದಿನ ಅಕ್ಷರದ ಹಂಗಿಲ್ಲ. 'ಈ ಜಾಗದಲ್ಲಿ ಏನಾದರೂ ಇರಲಿ' ಎಂದಷ್ಟೇ ಅದರ ಅರ್ಥ. ಹೊರಗಿಡುವ ಪಟ್ಟಿಗಳು ಈ ಎರಡನೆಯ ಪರಂಪರೆಗೆ ಸೇರಿದವು.

ಓರೆಗೆರೆ ಎಂಬ ಗಡಿ

ಪಥವೆಂದರೆ ಬರೀ ಅಕ್ಷರಗಳ ಸಾಲಲ್ಲ. ಅದು ಓರೆಗೆರೆಗಳಿಂದ, ಅಂದರೆ ಸ್ಲ್ಯಾಶ್‌ಗಳಿಂದ, ತುಂಡಾದ ಮೆಟ್ಟಿಲುಗಳ ಸಾಲು. ಗಿಟ್‌ನ ನಿಯಮದಂತೆ ನಕ್ಷತ್ರ ಓರೆಗೆರೆಯನ್ನು ದಾಟುವಂತಿಲ್ಲ. ವರದಿ/*.ಲಾಗ್ ಎಂಬ ಮಾದರಿ ವರದಿ/1.ಲಾಗ್ ಎಂಬುದಕ್ಕೆ ಹೊಂದುತ್ತದೆ, ವರದಿ/ಹಳೆಯ/1.ಲಾಗ್ ಎಂಬುದಕ್ಕೆ ಹೊಂದುವುದಿಲ್ಲ. ಕೋಷ್ಟಕದ .* ಎರಡಕ್ಕೂ ಹೊಂದುತ್ತದೆ. ಸರಿಯಾದ ರೂಪ ^ವರದಿ/[^/]*\.ಲಾಗ್$ ಎಂಬುದು.

ಪೈಥಾನ್ ಭಾಷೆಯ ಎಫ್‌ಎನ್‌ಮ್ಯಾಚ್ ಎಂಬ ಘಟಕದಲ್ಲಿ ಮಾದರಿಯನ್ನು ರೆಜೆಕ್ಸ್‌ಗೆ ಬದಲಿಸುವ ಸಿದ್ಧ ಸೌಲಭ್ಯವಿದೆ. ಅದು ಓರೆಗೆರೆಯನ್ನು ಸಾಮಾನ್ಯ ಅಕ್ಷರದಂತೆ ಕಾಣುತ್ತದೆ, ಮತ್ತು ಅದರ ಕೈಪಿಡಿ ಈ ಮಾತನ್ನು ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ ದೋಷ ಘಟಕದ್ದಲ್ಲ, ಕೈಪಿಡಿ ಓದದೆ ಪೂರ್ಣ ಪಥಗಳಿಗೆ ಅದನ್ನು ಹಚ್ಚುವವರದು. 2024ರಲ್ಲಿ ಬಂದ ಪೈಥಾನ್ 3.13ರಲ್ಲಿ ಓರೆಗೆರೆಯನ್ನು ಗೌರವಿಸುವ ಬೇರೊಂದು ಸೌಲಭ್ಯ ಗ್ಲಾಬ್ ಘಟಕಕ್ಕೆ ಸೇರಿತು. ಅದು ಒಂಟಿ ಮಾದರಿಗೆ ಮಾತ್ರ. ಪಟ್ಟಿಯ ನಿಯಮಗಳು ಅದರ ವ್ಯಾಪ್ತಿಗೆ ಬರುವುದಿಲ್ಲ.

ಜೋಡಿ ನಕ್ಷತ್ರದ ವಿಷಯ ಇನ್ನೂ ಸೂಕ್ಷ್ಮ. ಗಿಟ್‌ನಲ್ಲಿ ಇದು 2013ರ 1.8.2 ಆವೃತ್ತಿಯಿಂದ ಬಳಕೆಯಲ್ಲಿದೆ. ಅ/**/ಆ ಎಂದರೆ ನಡುವೆ ಎಷ್ಟು ಫೋಲ್ಡರುಗಳಾದರೂ ಇರಬಹುದು, ಒಂದೂ ಇಲ್ಲದಿರಬಹುದು. ಹಾಗಾಗಿ ಅ/ಆ ಎಂಬ ಪಥವೂ ಹೊಂದಬೇಕು. ಆದರೆ ಅ/.*/ಆ ಎಂಬ ರೆಜೆಕ್ಸ್ ಎರಡು ಓರೆಗೆರೆಗಳನ್ನು ಕೇಳುವುದರಿಂದ ಅ/ಆ ಬಿಟ್ಟುಹೋಗುತ್ತದೆ. ಬೇಕಾದದ್ದು ^ಅ/(.*/)?ಆ$ ಎಂಬ ರೂಪ.

ಒಂದಾದ ಮೇಲೊಂದರಂತೆ ಚಿಹ್ನೆಗಳನ್ನು ಬದಲಿಸುತ್ತ ಹೋದರೆ ಇನ್ನೊಂದು ಅಪಾಯವಿದೆ. ಮೊದಲು  ** ಇದ್ದಲ್ಲಿ .* ಇಟ್ಟು, ಆಮೇಲೆ * ಇದ್ದಲ್ಲಿ [^/]* ಇಟ್ಟರೆ, ತಾನೇ ಈಗಷ್ಟೇ ಇಟ್ಟ ನಕ್ಷತ್ರವನ್ನೂ ಪ್ರೋಗ್ರಾಮ್ ಬದಲಿಸಿ .[^/]* ಮಾಡಿಬಿಡುತ್ತದೆ. ಅಲ್ಲದೆ ಫಲಿತಾಂಶ(2).ಪಟ್ಟಿ ಎಂಬಂಥ ಹೆಸರುಗಳು ತೀರ ಸಾಮಾನ್ಯ. ಕಡತದ ಹೆಸರಿನಲ್ಲಿ ಆವರಣ ಕೇವಲ ಆವರಣ. ರೆಜೆಕ್ಸ್‌ನಲ್ಲಿ ಅದು ಗುಂಪು ಮಾಡುವ ಚಿಹ್ನೆ. ಕೋಷ್ಟಕದಲ್ಲಿ ಆವರಣದ ಸುದ್ದಿಯೇ ಇಲ್ಲದ ಕಾರಣ ಈ ಕಡತ ತನ್ನ ಹೆಸರಿಗೇ ಹೊಂದದೆ ಹೋಗುತ್ತದೆ!

ಪಥದಲ್ಲಿ ಇಲ್ಲದ ಮಾಹಿತಿ

ಇಲ್ಲಿಯವರೆಗಿನ ದೋಷಗಳನ್ನು ಎಚ್ಚರಿಕೆಯಿಂದ ತಿದ್ದಬಹುದು. ಮುಂದಿನವು ಬೇರೆ ಬಗೆಯವು.

ಮೊದಲನೆಯದು, ಮಾದರಿ ಎಲ್ಲಿಂದ ಅನ್ವಯವಾಗುತ್ತದೆ ಎಂಬ ಪ್ರಶ್ನೆ. ಗಿಟ್‌ನಲ್ಲಿ ಮಾದರಿಯ ಮೊದಲಿಗೋ ನಡುವೆಯೋ ಓರೆಗೆರೆ ಇದ್ದರೆ ಅದು ಪಟ್ಟಿ ಇರುವ ಫೋಲ್ಡರಿಗೆ ಕಟ್ಟುಬೀಳುತ್ತದೆ. ಇಲ್ಲದಿದ್ದರೆ ಕೆಳಗಿನ ಎಲ್ಲ ಮಟ್ಟಗಳಿಗೂ ಅನ್ವಯಿಸುತ್ತದೆ. ಡಾಕರ್‌ನಲ್ಲಿ ಹಾಗಲ್ಲ. ಅಲ್ಲಿ *.ಲಾಗ್ ಎಂದರೆ ಮೇಲಿನ ಮಟ್ಟದ ಕಡತಗಳು ಮಾತ್ರ. ಒಳಗಿನವೂ ಬೇಕಿದ್ದರೆ **/*.ಲಾಗ್ ಎಂದು ಬರೆಯಬೇಕು. ಅದೇ ಸಾಲು, ಎರಡು ಅರ್ಥ. ಗಿಟ್‌ನ ಪಟ್ಟಿಯನ್ನು ಡಾಕರ್‌ಗೆ ಹಾಗೆಯೇ ನಕಲು ಮಾಡಿದರೆ ಒಳಫೋಲ್ಡರಿನಲ್ಲಿರುವ ಪಾಸ್‌ವರ್ಡ್ ಕಡತ ಸದ್ದಿಲ್ಲದೆ ಹೊರಗೆ ಹೋಗಬಹುದು.

ಎರಡನೆಯದು, ಗಿಟ್‌ನಲ್ಲಿ ಫಲಿತಾಂಶ/ ಎಂದು ಕೊನೆಯಲ್ಲಿ ಓರೆಗೆರೆ ಇದ್ದರೆ ಆ ಹೆಸರಿನ ಫೋಲ್ಡರಿಗೆ ಮಾತ್ರ ಹೊಂದುತ್ತದೆ, ಅದೇ ಹೆಸರಿನ ಕಡತಕ್ಕಲ್ಲ. 'ಫಲಿತಾಂಶ' ಎಂಬ ಅಕ್ಷರಗಳನ್ನು ಎಷ್ಟು ದಿಟ್ಟಿಸಿ ನೋಡಿದರೂ ಅದು ಫೋಲ್ಡರೋ ಕಡತವೋ ತಿಳಿಯದು. ಅದನ್ನು ಡಿಸ್ಕನ್ನೇ ಕೇಳಬೇಕು. ಪಥದ ಅಕ್ಷರಗಳನ್ನು ಮಾತ್ರ ಓದುವ ರೆಜೆಕ್ಸ್ ಎಷ್ಟೇ ಜಾಣತನದಿಂದ ರಚಿತವಾಗಿದ್ದರೂ, ಕೊಡದ ಮಾಹಿತಿಯನ್ನು ಊಹಿಸಲಾರದು.

ಮೂರನೆಯದು ಕ್ರಮ. ಗಿಟ್ ಮತ್ತು ಡಾಕರ್‌ನ ಪಟ್ಟಿಯಲ್ಲಿ ಹೊಂದುವ ಕೊನೆಯ ಸಾಲಿನದೇ ತೀರ್ಪು. ಉದ್ಗಾರ ಚಿಹ್ನೆಯಿಂದ ಆರಂಭವಾಗುವ ಸಾಲು ಹೊರಗಿಟ್ಟದ್ದನ್ನು ಒಳಗೆ ತರುತ್ತದೆ. ಆದರೆ ಗಿಟ್‌ನಲ್ಲಿ ಇದಕ್ಕೊಂದು ಮಿತಿ ಇದೆ: ಮೇಲಿನ ಫೋಲ್ಡರೇ ಹೊರಗಿದ್ದರೆ ಅದರೊಳಗಿನ ಕಡತವನ್ನು ಒಳಗೆ ತರಲಾಗದು. ಪದವಿ ವಿದ್ಯಾರ್ಥಿಯೊಬ್ಬ ಲೋಲಕದ ಪ್ರಯೋಗದ ಪ್ರಾಜೆಕ್ಟಿಗೆ ಹೀಗೆ ಬರೆದನೆನ್ನಿ:

ದತ್ತಾಂಶ/
!ದತ್ತಾಂಶ/ಮೂಲ.ಪಟ್ಟಿ

ಲೆಕ್ಕಾಚಾರದಿಂದ ಹುಟ್ಟಿದ ಕಡತಗಳು ಹೊರಗಿರಲಿ, ತಾನು ಕೈಯಾರೆ ತೆಗೆದ ಅಳತೆಗಳು ಮಾತ್ರ ಉಳಿಯಲಿ ಎಂಬುದು ಅವನ ಆಶಯ. 'ಕೊನೆಯ ಸಾಲು ಗೆಲ್ಲುತ್ತದೆ' ಎಂಬ ನಿಯಮವನ್ನಷ್ಟೇ ಅರಿತ ರೆಜೆಕ್ಸ್ ಪ್ರೋಗ್ರಾಮ್ ಮೂಲ.ಪಟ್ಟಿ ಸುರಕ್ಷಿತ ಎನ್ನುತ್ತದೆ. ಗಿಟ್ ಮಾತ್ರ ದತ್ತಾಂಶ ಫೋಲ್ಡರಿನ ಬಾಗಿಲಲ್ಲೇ ಹಿಂದಿರುಗುತ್ತದೆ. ಎರಡನೆಯ ಸಾಲು ನಿಷ್ಫಲ. ಮೊದಲ ಸಾಲನ್ನು ದತ್ತಾಂಶ/* ಎಂದು ಬದಲಿಸಿದರೆ ಆಶಯ ಈಡೇರುತ್ತದೆ. ಗಣಕ ಕೆಟ್ಟ ದಿನವೇ ಮೂಲ ಅಳತೆಗಳು ಸಂಗ್ರಹದಲ್ಲಿಲ್ಲ ಎಂದು ಗೊತ್ತಾದರೆ ಮಾಡುವುದೇನು? ಲೆಕ್ಕವನ್ನು ಇನ್ನೊಮ್ಮೆ ಮಾಡಬಹುದು, ಅಂದಿನ ಅಳತೆಯನ್ನು ಇನ್ನೊಮ್ಮೆ ತೆಗೆಯಲಾಗದು. ತಪ್ಪಾದಾಗ ಕೂಗಿ ಹೇಳುವ ಪ್ರೋಗ್ರಾಮಿಗಿಂತ ತಪ್ಪಾಗಿಯೂ ಸುಮ್ಮನಿರುವ ಪ್ರೋಗ್ರಾಮ್ ಹೆಚ್ಚು ಅಪಾಯಕಾರಿ.

ಒಂದು ಅಕ್ಷರ ಎಂದರೆ ಎಷ್ಟು?

ಕನ್ನಡಿಗರಿಗೆ ವಿಶೇಷವಾಗಿ ತಟ್ಟುವ ಅಂಶವೊಂದಿದೆ. ಪ್ರಶ್ನಾರ್ಥಕ ಚಿಹ್ನೆ 'ಯಾವುದಾದರೂ ಒಂದು ಅಕ್ಷರ'ವನ್ನು ಸೂಚಿಸುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ಪಾಠ?.ಟಿಪ್ಪಣಿ ಎಂಬ ಮಾದರಿ ಪಾಠ1.ಟಿಪ್ಪಣಿ ಎಂಬುದಕ್ಕೆ ಎಲ್ಲೆಡೆ ಹೊಂದುತ್ತದೆ. ಪಾಠ೧.ಟಿಪ್ಪಣಿ ಎಂದು ಕನ್ನಡ ಅಂಕಿ ಬಳಸಿದರೆ? ಯುಟಿಎಫ್-8 ಸಂಕೇತದಲ್ಲಿ ೧ ಎಂಬುದಕ್ಕೆ ಮೂರು ಬೈಟುಗಳು ಬೇಕು. ಗಿಟ್ ಬೈಟುಗಳ ಲೆಕ್ಕದಲ್ಲಿ ಹೋಲಿಸುವುದರಿಂದ ಒಂದು ಪ್ರಶ್ನಾರ್ಥಕ ಸಾಲುವುದಿಲ್ಲ. ಪೈಥಾನಿನ ರೆಜೆಕ್ಸ್ ಯೂನಿಕೋಡ್ ಸಂಕೇತಗಳ ಲೆಕ್ಕದಲ್ಲಿ ಹೋಲಿಸುವುದರಿಂದ ಅಲ್ಲಿ ಹೊಂದುತ್ತದೆ. ಇನ್ನು ಕ್ಷ ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡಿನಲ್ಲಿ ಕಕಾರ, ವಿರಾಮ ಚಿಹ್ನೆ, ಷಕಾರ ಎಂದು ಮೂರು ಸಂಕೇತ, ಒಟ್ಟು ಒಂಬತ್ತು ಬೈಟು. ಓದುಗನ ಲೆಕ್ಕ ಒಂದು, ಪೈಥಾನಿನದು ಮೂರು, ಗಿಟ್‌ನದು ಒಂಬತ್ತು! ಇಂಗ್ಲಿಷ್ ಹೆಸರುಗಳಿಂದ ಮಾತ್ರ ಪರೀಕ್ಷಿಸಿದ ಭಾಷಾಂತರ ಈ ವ್ಯತ್ಯಾಸವನ್ನು ಎಂದೂ ಕಾಣುವುದಿಲ್ಲ.

ಕಾಲದ ಬೆಲೆ

ಅರ್ಥ ಸರಿಯಿದ್ದರೂ ವೇಗ ಕೈಕೊಡಬಹುದು. ಅನೇಕ ಭಾಷೆಗಳ ರೆಜೆಕ್ಸ್ ಎಂಜಿನ್‌ಗಳು ಒಂದು ಆಯ್ಕೆ ಸೋತರೆ ಹಿಂದೆ ಸರಿದು ಇನ್ನೊಂದನ್ನು ಪ್ರಯತ್ನಿಸುತ್ತವೆ. *ಕ*ಕ*ಕ*ಕ*ಕ*ಗ ಎಂಬ ಮಾದರಿಯನ್ನು ಬರೀ 80 ಕಕಾರಗಳ ಹೆಸರಿನೊಂದಿಗೆ ಹೋಲಿಸಿ ನೋಡಿ. (80 ಕಕಾರಗಳಿಗೆ 240 ಬೈಟು, ಲಿನಕ್ಸ್‌ನ ಸಾಮಾನ್ಯ ಕಡತವ್ಯವಸ್ಥೆಗಳು ಒಂದು ಹೆಸರಿಗೆ 255 ಬೈಟುಗಳವರೆಗೆ ಅವಕಾಶ ಕೊಡುತ್ತವೆ.) ಕೊನೆಯಲ್ಲಿ ಗಕಾರ ಇಲ್ಲವಾದ್ದರಿಂದ ಹೋಲಿಕೆ ಸೋಲಲೇಬೇಕು. ಆದರೆ ಸೋಲನ್ನು ಒಪ್ಪುವ ಮುನ್ನ ಎಂಜಿನ್ 80ರಲ್ಲಿ 5 ಸ್ಥಾನಗಳನ್ನು ಆರಿಸುವ ಎಲ್ಲ ಬಗೆಗಳನ್ನೂ ಪರೀಕ್ಷಿಸುತ್ತದೆ. ಪ್ರಥಮ ಪಿಯುಸಿಯ ಸೂತ್ರದಿಂದಲೇ ಲೆಕ್ಕ ಹಾಕಿದರೆ ಅದು 2,40,40,016. ಒಂದು ಪುಟ್ಟ ಹೆಸರಿಗೆ ಎರಡು ಕೋಟಿ ನಲವತ್ತು ಲಕ್ಷ ಪ್ರಯತ್ನ!

ಇದು ಬರಿಯ ಕಲ್ಪನೆಯಲ್ಲ. ಮಾದರಿಗಳನ್ನು ಜಾವಾಸ್ಕ್ರಿಪ್ಟ್ ರೆಜೆಕ್ಸ್‌ಗೆ ಬದಲಿಸುವ ಮಿನಿಮ್ಯಾಚ್ ಎಂಬ ಜನಪ್ರಿಯ ಘಟಕದಲ್ಲಿ ರೆಜೆಕ್ಸ್ ಸಿಕ್ಕಿಬೀಳುವ ದೌರ್ಬಲ್ಯಗಳು 2016ರಲ್ಲೂ 2022ರಲ್ಲೂ ದಾಖಲಾದವು. ಥಾಂಪ್ಸನ್ 1968ರಲ್ಲೇ ತೋರಿಸಿದ ದಾರಿಯಲ್ಲಿ ಹಿಂದೆ ಸರಿಯುವ ಮಾತೇ ಇಲ್ಲ: ಎಲ್ಲ ಸಾಧ್ಯತೆಗಳನ್ನೂ ಏಕಕಾಲಕ್ಕೆ ಮುಂದೊಯ್ಯುವುದರಿಂದ ಶ್ರಮ ಹೆಸರಿನ ಉದ್ದಕ್ಕೆ ಅನುಪಾತದಲ್ಲಿ ಮಾತ್ರ ಹೆಚ್ಚುತ್ತದೆ. ಗೋ ಭಾಷೆಯ ರೆಜೆಕ್ಸ್ ಈ ಬಗೆಯದು. ಡಾಕರ್ ತನ್ನ ಪಟ್ಟಿಯನ್ನು ರೆಜೆಕ್ಸ್‌ಗೆ ಬದಲಿಸಿಯೂ ಈ ತೊಡಕಿನಿಂದ ಪಾರಾಗಿರುವುದು ಅದರಿಂದಲೇ. ಗಿಟ್ ಅಂತೂ ತನ್ನ ಮಾದರಿಗಳನ್ನು ರೆಜೆಕ್ಸ್‌ಗೆ ಬದಲಿಸುವುದೇ ಇಲ್ಲ. ರಿಚ್ ಸಾಲ್ಜ್ 1986ರಲ್ಲಿ ಬರೆದ ಹೋಲಿಕೆಯ ಪ್ರೋಗ್ರಾಮ್ ಆರ್‌ಸಿಂಕ್‌ನಲ್ಲಿ ಬೆಳೆದು ಗಿಟ್‌ಗೆ ಬಂದಿದೆ.

ಹಾಗಾದರೆ ರೂಪಾಂತರವೇ ಬೇಡವೇ?

ಹಾಗೇನೂ ಇಲ್ಲ. ಒಂಟಿ ಮಾದರಿಯೊಂದು ಸೂಚಿಸುವ ಪಥಗಳ ಗಣವನ್ನು ಯಾವಾಗಲೂ ಒಂದು ರೆಜೆಕ್ಸ್‌ನಿಂದ ವರ್ಣಿಸಬಹುದು. ಕ್ಲೀನಿಯವರ ಸಿದ್ಧಾಂತ ಅದಕ್ಕೆ ಆಧಾರ. ಆಕ್ಷೇಪವಿರುವುದು, ಇಡೀ ಪಟ್ಟಿಯನ್ನು ಚಿಹ್ನೆಗಳ ಅದಲುಬದಲಿನಿಂದ ಮುಗಿಸಬಹುದೆಂಬ ನಂಬಿಕೆಯ ಬಗ್ಗೆ. ಪಟ್ಟಿಯ ಸಾಲಿನಲ್ಲಿ ಮೂರು ಸಂಗತಿಗಳಿವೆ: ಹೆಸರಿನ ಆಕಾರ, ಅದು ಅನ್ವಯವಾಗುವ ನೆಲೆ, ಮತ್ತು ತೀರ್ಪಿನ ಕ್ರಮ. ರೆಜೆಕ್ಸ್‌ಗೆ ಮೊದಲನೆಯದನ್ನು ಒಪ್ಪಿಸಬಹುದು. ಉಳಿದೆರಡನ್ನು ಪ್ರೋಗ್ರಾಮೇ ಹೊರಬೇಕು. ಮಾದರಿಯನ್ನು ಎಡದಿಂದ ಬಲಕ್ಕೆ ಒಂದೊಂದೇ ಚಿಹ್ನೆಯಂತೆ ಒಮ್ಮೆ ಮಾತ್ರ ಓದಬೇಕು. ಫೋಲ್ಡರಿಗೆ ಸೀಮಿತವೇ, ಉದ್ಗಾರ ಇದೆಯೇ ಎಂಬುದನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳಬೇಕು. ಪಥವನ್ನು ಮೇಲಿನ ಫೋಲ್ಡರಿನಿಂದ ಕೆಳಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಪರೀಕ್ಷಿಸಬೇಕು.

ಅಧ್ಯಾಪಕರು ಇದನ್ನು ತರಗತಿಯಲ್ಲಿ ಒಂದು ಪ್ರಯೋಗವಾಗಿಯೇ ಮಾಡಿಸಬಹುದು. ಐದು ಮಾದರಿ, ಹತ್ತು ಪಥಗಳ ಕೋಷ್ಟಕವೊಂದನ್ನು ಕೊಡಿ. ಕನ್ನಡ ಹೆಸರುಗಳೂ ಆವರಣವಿರುವ ಹೆಸರುಗಳೂ ಅದರಲ್ಲಿರಲಿ. ಯಾವ ಪಥ ಒಳಗೆ, ಯಾವುದು ಹೊರಗೆ ಎಂದು ವಿದ್ಯಾರ್ಥಿಗಳು ಮೊದಲು ಕಾಗದದ ಮೇಲೆ ಊಹಿಸಲಿ. ಆಮೇಲೆ ತಮ್ಮ ಪ್ರೋಗ್ರಾಮನ್ನು ಓಡಿಸಿ, ಕೊನೆಗೆ ಗಿಟ್‌ನಲ್ಲೇ ಇರುವ ಚೆಕ್-ಇಗ್ನೋರ್ ಆದೇಶದ ಉತ್ತರದೊಂದಿಗೆ ತಾಳೆ ನೋಡಲಿ. ವಿವರ ಕೇಳಿದರೆ ಯಾವ ಸಾಲಿನಿಂದ ಆ ತೀರ್ಪು ಬಂದಿತು ಎಂಬುದನ್ನೂ ಅದು ತೋರಿಸುತ್ತದೆ. ಮೂರು ಉತ್ತರಗಳು ಎಲ್ಲಿ ಬೇರೆಯಾಗುತ್ತವೆಯೋ ಅಲ್ಲಿಂದಲೇ ಮುಂದಿನ ಪಾಠ ಆರಂಭಿಸಬಹುದು.