ಚಕ್ರದ ಮನೆಗೆ ಜೋಡಿ ಗಾಜು

ಮೋಟರ್‌ಹೋಮ್‌ನ ಕಿಟಕಿಗೆ ಜೋಡಿ ಗಾಜು ಬೇಕೇ ಬೇಡವೇ ಎಂಬ ಚರ್ಚೆ ಯುರೋಪಿನಲ್ಲಿ ಹೆಚ್ಚುಕಡಿಮೆ ಮುಗಿದಿದೆ, ಅಮೆರಿಕದಲ್ಲಿ ಇನ್ನೂ ನಡೆದಿದೆ. ಜರ್ಮನಿ, ಫ್ರಾನ್ಸ್, ಇಟಲಿಗಳಲ್ಲಿ ತಯಾರಾಗುವ ಗಾಡಿಗಳ ವಾಸದ ಭಾಗಕ್ಕೆ ಎರಡು ಪದರದ ಅಕ್ರಿಲಿಕ್ ಕಿಟಕಿ ಹಾಕುವುದು ವಾಡಿಕೆ. ಮೇಲಂಚಿಗೆ ಕೀಲು ಇರುತ್ತದೆ. ಕೆಳಗಿನಿಂದ ಹೊರಕ್ಕೆ ತಳ್ಳಿದರೆ ಕಿಟಕಿ ಸಣ್ಣ ಚಪ್ಪರದ ಹಾಗೆ ತೆರೆದುಕೊಳ್ಳುತ್ತದೆ. ಅಮೆರಿಕದ ಗಾಡಿಗಳಲ್ಲಿ ಅಲ್ಯೂಮಿನಿಯಂ ಚೌಕಟ್ಟಿನೊಳಗೆ ಅಡ್ಡಕ್ಕೆ ಸರಿಯುವ ಒಂಟಿ ಟೆಂಪರ್ಡ್ ಗಾಜೇ ಹೆಚ್ಚು. ಅಲ್ಲಿ ಜೋಡಿ ಗಾಜು ಸಿಗುವುದು ದುಬಾರಿ ಮಾದರಿಗಳಲ್ಲಿ, ಇಲ್ಲವೇ ‘ನಾಲ್ಕೂ ಋತುಗಳಿಗೆ’ ಎಂದು ಹೆಚ್ಚಿನ ಹಣ ಪಡೆದು ಕೊಡುವ ಪ್ಯಾಕೇಜಿನಲ್ಲಿ. ಅದನ್ನು ಮಾರುವವರು ಮೊದಲು ಮುಂದಿಡುವ ಕಾರಣ ಇಂಧನದ ಉಳಿತಾಯ. ಲೆಕ್ಕ ಹಾಕಿ ನೋಡಿದರೆ ಇರುವ ಕಾರಣಗಳಲ್ಲೆಲ್ಲ ಅದೇ ಬಡಕಲು.

ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಒಂದು ಚದರ ಮೀಟರ್ ಒಂಟಿ ಗಾಜಿನ ಮೂಲಕ ಸುಮಾರು 5.7 ವ್ಯಾಟ್ ಶಾಖ ಸೋರುತ್ತದೆ. ನಡುವೆ 12 ಮಿ.ಮೀ. ಗಾಳಿಯಿರುವ ಜೋಡಿ ಗಾಜಿನಲ್ಲಿ ಇದು ಸುಮಾರು 2.8ಕ್ಕೆ ಇಳಿಯುತ್ತದೆ. ಇಲ್ಲಿ ತಡೆ ಒಡ್ಡುವುದು ಗಾಜಲ್ಲ, ಅಲುಗಾಡದೆ ನಿಂತ ಗಾಳಿ. ಮಧ್ಯಮ ಗಾತ್ರದ ಗಾಡಿಯೊಂದಕ್ಕೆ ಎರಡೂವರೆ ಚದರ ಮೀಟರ್ ಕಿಟಕಿ ಇದೆ, ಹೊರಗೆ ಸೊನ್ನೆ ಡಿಗ್ರಿ, ಒಳಗೆ 20 ಡಿಗ್ರಿ ಎಂದಿಟ್ಟುಕೊಳ್ಳೋಣ. ಒಂಟಿ ಗಾಜಿನಲ್ಲಿ 285 ವ್ಯಾಟ್, ಜೋಡಿ ಗಾಜಿನಲ್ಲಿ 140 ವ್ಯಾಟ್ ನಷ್ಟ. ಇಡೀ ದಿನದ ಉಳಿತಾಯ ಮೂರೂವರೆ ಯೂನಿಟ್. ಪ್ರೊಪೇನ್ ಲೆಕ್ಕದಲ್ಲಿ ಕಾಲು ಕಿಲೋಗಿಂತ ಸ್ವಲ್ಪ ಹೆಚ್ಚು. ಅಮೆರಿಕದಲ್ಲಿ ಬಳಕೆಯಲ್ಲಿರುವ 20 ಪೌಂಡಿನ, ಅಂದರೆ 9 ಕಿಲೋದ ಒಂದೇ ಒಂದು ಸಿಲಿಂಡರ್ ಉಳಿಸಬೇಕಾದರೆ ಅಂಥ ಚಳಿಯಲ್ಲಿ ಸುಮಾರು ಒಂದು ತಿಂಗಳು ಬೀಡು ಬಿಟ್ಟಿರಬೇಕು. ವರ್ಷಕ್ಕೆ ಎರಡು ವಾರ ಸುತ್ತುವವರಿಗೆ ಹಾಕಿದ ದುಡ್ಡು ಗ್ಯಾಸಿನಲ್ಲಿ ವಾಪಸು ಬರುವುದಿಲ್ಲ.

ಜೋಡಿ ಗಾಜಿನ ಬೆಲೆ ತಿಳಿಯುವುದು ಬೆಳಗಿನ ಜಾವ, ಕಿಟಕಿಯ ಒಳಮೈ ಮುಟ್ಟಿದಾಗ. ಮೇಲಿನ ಉದಾಹರಣೆಯಲ್ಲೇ ಒಂಟಿ ಗಾಜಿನ ಒಳಮೈ 6 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಜೋಡಿ ಗಾಜಿನದು 13ರ ಹತ್ತಿರ. ಒಳಗಿನ 20 ಡಿಗ್ರಿ ಗಾಳಿಯಲ್ಲಿ ತೇವಾಂಶ ಶೇ 60 ಇದ್ದರೆ ಅದು ಹನಿಗಟ್ಟುವುದು 12 ಡಿಗ್ರಿಯಲ್ಲಿ. ಒಂದು ಗಾಜು ರಾತ್ರಿಯಿಡೀ ಬೆವರುವುದಕ್ಕೂ ಇನ್ನೊಂದು ಒಣಗಿರುವುದಕ್ಕೂ ಇಷ್ಟೇ ಅಂತರ. ಗಾಡಿಯೊಳಗೆ ತೇವಕ್ಕೇನೂ ಬರವಿಲ್ಲ. ಮಲಗಿದವರ ಉಸಿರಿದೆ, ಒಣಹಾಕಿದ ಟವೆಲ್ ಇದೆ, ಅನ್ನದ ಆವಿಯಿದೆ. ಒಲೆಯ ಉರಿಯೂ ನೀರನ್ನೇ ಹುಟ್ಟಿಸುತ್ತದೆ: ಒಂದು ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರಾವಿ ಹೊರಡುತ್ತದೆ. ಹೊಗೆಯನ್ನು ಹೊರಕ್ಕೆ ಬಿಡುವ ಹೀಟರಿನಿಂದ ಈ ತೊಂದರೆಯಿಲ್ಲ. ಅಡುಗೆ ಒಲೆಯಿಂದ ಇದೆ.

ಮನೆಯ ಕಿಟಕಿ ಬೆವರಿದರೆ ಒರೆಸಿದರಾಯಿತು. ಗಾಡಿಯಲ್ಲಿ ಹಾಗಲ್ಲ. ಹನಿಗಳು ಗಾಜಿನಿಂದಿಳಿದು ಕೆಳಚೌಕಟ್ಟಿನ ಸಂದಿಗೆ ಸೇರುತ್ತವೆ, ಅಲ್ಲಿಂದ ತುಳುಕಿ ಗೋಡೆಯ ತೆಳು ಪ್ಲೈವುಡ್ಡಿಗೆ, ಹಾಸಿಗೆಯ ಅಂಚಿಗೆ ಇಳಿಯುತ್ತವೆ. ಗೋಡೆಯೊಳಗೆ ಮರದ ಪಟ್ಟಿಗಳಿದ್ದರೆ ಅವು ಸದ್ದಿಲ್ಲದೆ ಕೊಳೆಯತೊಡಗುತ್ತವೆ. ಹಳೆಯ ಗಾಡಿ ಕೊಳ್ಳುವವರು ಎಂಜಿನ್ನಿಗೆ ಕಿವಿಗೊಡುವ ಮುನ್ನ ಕಿಟಕಿಯ ಕೆಳಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದು ಇದಕ್ಕೇ. ಮೆತ್ತಗಾದ ಗೋಡೆಯ ರಿಪೇರಿ ಖರ್ಚಿನ ಮುಂದೆ ಗ್ಯಾಸಿನ ಉಳಿತಾಯ ಲೆಕ್ಕಕ್ಕೇ ಬರುವುದಿಲ್ಲ. ಇದರ ಜೊತೆಗೆ ಇನ್ನೊಂದು ಸುಖವಿದೆ: ತಣ್ಣನೆಯ ಗಾಜಿನ ಪಕ್ಕ ಕುಳಿತವರಿಗೆ ಥರ್ಮಾಮೀಟರ್ 20 ತೋರಿಸುತ್ತಿದ್ದರೂ ಭುಜ ಕೊರೆಯುತ್ತದೆ, ಜೋಡಿ ಗಾಜಿನ ಪಕ್ಕ ಅಷ್ಟು ಕೊರೆಯದು. ಆದರೆ ಚೌಕಟ್ಟು ನೋಡದೆ ಗಾಜನ್ನಷ್ಟೇ ನೋಡಿ ಮೋಸಹೋಗಬಾರದು. ಶಾಖತಡೆಯ ತುಂಡಿಲ್ಲದ ಬರೀ ಅಲ್ಯೂಮಿನಿಯಂ ಚೌಕಟ್ಟು ಚಳಿಯನ್ನು ನೇರ ಒಳಗೆ ಒಯ್ಯುತ್ತದೆ. ನಡುವಿನ ಗಾಜು ಒಣಗಿದ್ದರೂ ಅಂಚಿನಲ್ಲಿ ನೀರು ಇಳಿಯುತ್ತಲೇ ಇರುತ್ತದೆ.

ಜೋಡಿ ಗಾಜಿಗೂ ಅದರದೇ ಕಾಯಿಲೆಯಿದೆ. ಎರಡು ಹಾಳೆಗಳ ನಡುವಿನ ಪಟ್ಟಿಯಲ್ಲಿ ತೇವ ಹೀರುವ ಹರಳುಗಳನ್ನು ತುಂಬಿ, ಸುತ್ತ ಬ್ಯೂಟೈಲ್ ಅಂಟು ಬಳಿದು ಮುಚ್ಚಿರುತ್ತಾರೆ. ಮನೆಯ ಗೋಡೆಯಲ್ಲಿ ಇದು ಬಹುಕಾಲ ಬಾಳುತ್ತದೆ, ಏಕೆಂದರೆ ಮನೆ ಬೆಟ್ಟ ಹತ್ತುವುದಿಲ್ಲ. ಅಮೆರಿಕದ ಆರ್‌ವಿ (ಇಂಥ ಮನೆಗಾಡಿಗಳ) ಉದ್ಯಮದ ಕೇಂದ್ರವಾದ ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸಮುದ್ರಮಟ್ಟದಿಂದ ಸುಮಾರು 230 ಮೀಟರ್ ಎತ್ತರದಲ್ಲಿದೆ. ಕೊಲರಾಡೋದಲ್ಲಿ ಇಂಟರ್‌ಸ್ಟೇಟ್ 70 ಹೆದ್ದಾರಿ ರಾಕಿ ಪರ್ವತವನ್ನು ದಾಟುವ ಐಸೆನ್‌ಹೋವರ್ ಸುರಂಗ ಇರುವುದು ಸುಮಾರು 3,400 ಮೀಟರಿನಲ್ಲಿ. ಕೆಳಗೆ ಮುಚ್ಚಿಟ್ಟ ಗಾಳಿಯ ಮೇಲಿನ ಹೊರಒತ್ತಡ ಅಲ್ಲಿಗೆ ತಲುಪುವಷ್ಟರಲ್ಲಿ ಮೂರನೇ ಒಂದು ಭಾಗದಷ್ಟು ಇಳಿದಿರುತ್ತದೆ. ಗಾಜಿನ ಹಾಳೆಗಳು ಹೊರಕ್ಕೆ ಉಬ್ಬುತ್ತವೆ, ಅಂಟು ಎಳೆಯಲ್ಪಡುತ್ತದೆ. ಕಣಿವೆಗಿಳಿದಾಗ ಮತ್ತೆ ಕುಗ್ಗುತ್ತದೆ. ರಸ್ತೆಯ ಕುಲುಕಾಟವೂ ಬಿಸಿಲಿನ ಹೊಡೆತವೂ ಸೇರಿದರೆ ಒಂದು ದಿನ ಎಲ್ಲೋ ಸೂಜಿಮೊನೆಯಷ್ಟು ಸಂದು ಬಿಡುತ್ತದೆ. ತೇವ ಒಳಸೇರಿ, ಹರಳುಗಳು ಇನ್ನು ಹೀರಲಾರದ ಹಂತಕ್ಕೆ ಬಂದಾಗ ಹಾಳೆಗಳ ನಡುವೆ ಮಂಜು ಕೂರುತ್ತದೆ. ಯಾವ ಬಟ್ಟೆಗೂ ಅದು ಸಿಗದು. ಕಿಟಕಿ ಬಿಚ್ಚಿಸಿ, ಗಾಜು ಬೇರ್ಪಡಿಸಿ ಮತ್ತೆ ಮುಚ್ಚಿಸಬೇಕು, ಇಲ್ಲವೇ ಹೊಸದನ್ನೇ ಕೂರಿಸಬೇಕು. ಮಂಜು ಕೂತ ಕಿಟಕಿಯೂ ಚಳಿಯನ್ನು ಬಹುಪಾಲು ತಡೆಯುತ್ತದೆ ಎನ್ನುವುದು ನಿಜ. ಆದರೆ ಹೊರಗಿನ ಬೆಟ್ಟ ನೋಡಲೆಂದೇ ಗಾಡಿ ಕೊಂಡವರಿಗೆ ಅದರಿಂದ ಸಮಾಧಾನವಾಗದು.

ಅಕ್ರಿಲಿಕ್ ಕಿಟಕಿಗೆ ಈ ಗೋಳು ಕಡಿಮೆ. ಅದರಲ್ಲೂ ತೇವ ಸೇರುತ್ತದೆ, ಆದರೆ ಅಂಚಿನಲ್ಲಿರುವ ಪುಟ್ಟ ಬಿರಡೆ ತೆಗೆದು ಬೆಚ್ಚನೆಯ ಜಾಗದಲ್ಲಿ ಬಿಟ್ಟರೆ ಸಾಮಾನ್ಯವಾಗಿ ತಾನೇ ಆರುತ್ತದೆ. ಹಗುರ ಎನ್ನುವುದು ಅದರ ದೊಡ್ಡ ಗುಣ. 4 ಮಿ.ಮೀ. ಗಾಜಿನ ಒಂದು ಹಾಳೆ ಚದರ ಮೀಟರಿಗೆ 10 ಕಿಲೋ ತೂಗಿದರೆ ಜೋಡಿ 20 ಕಿಲೋ. ಅಕ್ರಿಲಿಕ್‌ನ ತೂಕ ಅಷ್ಟೇ ದಪ್ಪದ ಗಾಜಿನ ಅರ್ಧಕ್ಕಿಂತ ಕಡಿಮೆ. ಯುರೋಪಿನಲ್ಲಿ ಸಾಮಾನ್ಯ ಕಾರು ಲೈಸೆನ್ಸಿನ ಮೇಲೆ ಓಡಿಸಲು 3,500 ಕಿಲೋ ಮಿತಿ ಇರುವುದರಿಂದ ಅಲ್ಲಿನ ತಯಾರಕರು ಕಿಲೋ ಕಿಲೋಗೂ ಜಿಪುಣರಾಗಿದ್ದಾರೆ. ಅಕ್ರಿಲಿಕ್‌ನ ಕೊರತೆ ಅದರ ಮೈ: ಇಕ್ಕಟ್ಟಿನ ದಾರಿಯಲ್ಲಿ ಕೊಂಬೆ ಸವರಿದರೆ ಗೀರು ಬೀಳುತ್ತದೆ, ಗಾಜು ಒರೆಸುವ ಸ್ಪಿರಿಟ್ ದ್ರಾವಣ ತಾಗಿದರೆ ಜೇಡರ ಬಲೆಯಂಥ ಬಿರುಕು ಮೂಡುತ್ತದೆ. ಸೋಪುನೀರು, ಮೆತ್ತನೆ ಬಟ್ಟೆ, ಇಷ್ಟೇ ಸಾಕು.

ಸೆಕೆಯ ಮಾತು ಬಂದಾಗ ಜೋಡಿ ಗಾಜಿನ ಬಗ್ಗೆ ಅತಿಯಾಗಿ ಹೇಳುವುದು ರೂಢಿ. ಬಿಸಿಲು ನೇರ ಬಡಿಯುವಾಗ ಒಂಟಿ ತಿಳಿಗಾಜು ಅದರ ಶಾಖದಲ್ಲಿ ಶೇ 85ರ ಆಸುಪಾಸನ್ನು ಒಳಬಿಟ್ಟರೆ, ಜೋಡಿ ತಿಳಿಗಾಜು ಶೇ 75ರಷ್ಟನ್ನು ಬಿಡುತ್ತದೆ. ಇಷ್ಟಕ್ಕೆ ಏಸಿ ಬೆವರುವುದು ನಿಲ್ಲುವುದಿಲ್ಲ. ಹೊರಗಿನ ಚಪ್ಪರ, ಬಣ್ಣದ ಗಾಜು, ಕಿಟಕಿಗೆ ಹೊರಗಿನಿಂದ ಹಾಕುವ ಬೆಳ್ಳಿಬಣ್ಣದ ಹೊದಿಕೆ ಇವು ಹೆಚ್ಚು ಕೆಲಸ ಮಾಡುತ್ತವೆ. ಹೀಗಾಗಿ ಬಯಲುಸೀಮೆಯ ಬಿಸಿಲಲ್ಲಿ ಓಡಿಸಲು ವ್ಯಾನನ್ನು ಕ್ಯಾರವಾನ್ ಮಾಡಿಸುವವರು ಮೊದಲು ನೆರಳಿಗೆ ಖರ್ಚು ಮಾಡಬೇಕು. ಸದ್ದಿನ ವಿಷಯವೂ ಹೀಗೆಯೇ: ತೆಳ್ಳನೆಯ ಎರಡು ಹಾಳೆಗಳ ಸಣ್ಣ ಸಂದು ಲಾರಿಯ ಗುಡುಗನ್ನು ತಡೆಯದು.

ಎಷ್ಟೇ ಒಳ್ಳೆಯ ಕಿಟಕಿ ಹಾಕಿಸಿದರೂ ಚಾಲಕನ ಮುಂದಿನ ದೊಡ್ಡ ಗಾಜು ಒಂಟಿಯೇ. ಎರಡು ಹಾಳೆಗಳನ್ನು ಅಂಟಿಸಿದ ಲ್ಯಾಮಿನೇಟೆಡ್ ಗಾಜಾದರೂ ನಡುವೆ ಗಾಳಿಯಿಲ್ಲ. ಚಳಿಗಾಲದಲ್ಲಿ ಮೊದಲು ಬೆವರುವುದೂ ಅದೇ. ಯುರೋಪಿನ ಚಳಿಗಾಲದ ದರ್ಜೆಯ ಗಾಡಿ ಹೊರಗೆ ಮೈನಸ್ 15 ಇದ್ದಾಗ ಒಳಗೆ 20 ಡಿಗ್ರಿ ತಲುಪಬೇಕೆಂಬುದು ಅಲ್ಲಿನ ಮಾನದಂಡ. ಅಂಥ ಗಾಡಿಯಲ್ಲೂ ಅನುಭವಸ್ಥರು ರಾತ್ರಿ ಮುಂಗಾಜಿಗೆ ದಪ್ಪ ಹೊದಿಕೆ ಕಟ್ಟದೆ ಮಲಗುವುದಿಲ್ಲ. ಹೊದಿಕೆ ಹೊರಗಿನಿಂದ ಕಟ್ಟಬೇಕು. ಒಳಗೆ ಕಟ್ಟಿದರೆ ಅದರ ಹಿಂದೆ ಗಾಜು ಇನ್ನಷ್ಟು ತಣ್ಣಗಾಗಿ ಬೆವರು ಹೆಚ್ಚುತ್ತದೆ. ನೀರಿಗೆ ಹೆದರಿ ಗಾಳಿಕಿಂಡಿಗಳನ್ನು ಮುಚ್ಚುವುದು ಮಾತ್ರ ಎಲ್ಲಕ್ಕಿಂತ ಕೆಟ್ಟ ಉಪಾಯ. ತೇವ ಹೊರಹೋಗುವುದೇ ಅಲ್ಲಿಂದ, ಕಾರ್ಬನ್ ಮಾನಾಕ್ಸೈಡಿನಿಂದ ಜೀವ ಉಳಿಸುವುದೂ ಅದೇ.

ಹಾಗಾದರೆ ಜೋಡಿ ಗಾಜು ಯಾರಿಗೆ ಬೇಕು? ಹೊಸ ಗಾಡಿ ಕೊಳ್ಳುವವರು ಹೆಪ್ಪುಗಟ್ಟುವ ಚಳಿಯಲ್ಲಿ ವಾರಗಟ್ಟಲೆ ಮಲಗುವವರಾದರೆ ಜೋಡಿ ಕಿಟಕಿಗೆ ಹಣ ಹಾಕಬಹುದು. ಆಯ್ಕೆಯಿದ್ದರೆ ಅಕ್ರಿಲಿಕ್ಕನ್ನೇ ಆರಿಸಬಹುದು. ಈಗಾಗಲೇ ಒಂಟಿ ಗಾಜಿನ ಗಾಡಿ ಇರುವವರು ಕಿಟಕಿಗಳನ್ನೆಲ್ಲ ಕೀಳಿಸಿ ಬದಲಿಸುವುದು ದಂಡ. ಅಳತೆಗೆ ಕತ್ತರಿಸಿದ ಅಕ್ರಿಲಿಕ್ ಹಾಳೆಯನ್ನು ಒಳಗಿನಿಂದ ಆಯಸ್ಕಾಂತದ ಪಟ್ಟಿಯಲ್ಲಿ ಅಂಟಿಸಿ ಅಂಚು ಬಿಗಿಯಾಗಿ ಕೂರುವಂತೆ ನೋಡಿಕೊಂಡರೆ ಅದೇ ಲಾಭದ ಬಹುಪಾಲು ಚಿಲ್ಲರೆ ಖರ್ಚಿನಲ್ಲಿ ಸಿಗುತ್ತದೆ. ತುರ್ತಿನಲ್ಲಿ ಹೊರಬೀಳುವ ಕಿಟಕಿಗೆ ಮಾತ್ರ ಅದನ್ನು ಬಿಗಿಯಬಾರದು. ಬೇಸಿಗೆ ರಜೆಯಲ್ಲಿ ಡೆನ್ವರಿನಲ್ಲೋ ಸಾಲ್ಟ್ ಲೇಕ್ ಸಿಟಿಯಲ್ಲೋ ಆರ್‌ವಿ ಬಾಡಿಗೆ ಹಿಡಿದು ಯೆಲ್ಲೋಸ್ಟೋನ್ ನೋಡಹೊರಡುವ ಕನ್ನಡದ ಕುಟುಂಬಗಳು ಕಿಟಕಿಯ ಪದರ ಎಣಿಸಬೇಕಿಲ್ಲ. ಅಲ್ಲಿನ ಎತ್ತರದ ಜಾಗಗಳಲ್ಲಿ ಜುಲೈ ರಾತ್ರಿಯೂ ಸೊನ್ನೆಗಿಳಿಯುವುದುಂಟು. ಒಂದೊಂದು ಹೆಚ್ಚುವರಿ ರಗ್ಗು, ಗಾಜು ಒರೆಸಲು ಒಂದು ಹಳೆಯ ಟವೆಲ್ ಜೊತೆಗಿಟ್ಟುಕೊಂಡರೆ ಸಾಕು.